ಮೆಟ್ಟಿಲ ಕೆಳಗಿನ ಮೋಟಾರು ಸದ್ದು ಮಾಡದಿರುವ ಬಗ್ಗೆ

ಇಂದ,
ಇಪ್ಪತ್ತೆಂಟು ಅಡಿಯ ಹಾಯಿದೋಣಿಯೊಂದರ ಒಡೆಯ ತಾನೇ ಎಂದು ಮೊನ್ನೆಮೊನ್ನೆಯವರೆಗೂ ನಂಬಿದ್ದವನು

ಇವರಿಗೆ,
ಶ್ರೀಯುತ ವಿದ್ಯುತ್ ಮೋಟಾರು ಅವರು,
ಒಳಕೋಣೆಗೆ ಇಳಿಯುವ ಮೆಟ್ಟಿಲ ಕೆಳಗೆ, ಸದರಿ ದೋಣಿ

ವಿಷಯ: ತಾವು ಸದ್ದಿಲ್ಲದೆ ಕೆಲಸ ಮಾಡುತ್ತಿರುವುದರಿಂದ ನನಗೆ ಉಂಟಾಗಿರುವ ತೊಂದರೆಗಳು.

ಉಲ್ಲೇಖ: ಇದೇ ವಿಷಯವಾಗಿ ಕಳೆದ ಮೂರು ವಾರಗಳಲ್ಲಿ ನಾನು ಮೆಟ್ಟಿಲ ಮೇಲೆ ಕುಳಿತು ತಮ್ಮೊಡನೆ ಆಡಿದ ಮಾತುಗಳು ಮತ್ತು ಅವಕ್ಕೆ ತಮ್ಮಿಂದ ಬಾರದ ಉತ್ತರ.

ಮಾನ್ಯರೇ,

ತಾವು ಆರೋಗ್ಯದಿಂದಿದ್ದೀರೆಂದು ಚುಕ್ಕಾಣಿಯ ಪಕ್ಕದ ಪರದೆಯಲ್ಲಿ ಉರಿಯುವ ಹಸಿರು ದೀಪದಿಂದ ತಿಳಿದು ಸಂತೋಷಪಟ್ಟಿದ್ದೇನೆ. ಆ ದೀಪವೊಂದು ಇಲ್ಲದಿದ್ದರೆ ತಾವು ದೋಣಿಯಲ್ಲೇ ಇದ್ದೀರೋ, ಬೇಸರಗೊಂಡು ಅಂಗಡಿಗೆ ವಾಪಸು ಹೋಗಿದ್ದೀರೋ ಎಂದು ತಿಳಿಯಲು ನಾನು ಟಾರ್ಚು ಹಿಡಿದು ಮೆಟ್ಟಿಲ ಹಲಗೆ ತೆಗೆದು ನೋಡಬೇಕಾಗುತ್ತಿತ್ತು. ಇಷ್ಟು ದೊಡ್ಡ ಕೆಲಸವನ್ನು ಇಷ್ಟು ನಿಶ್ಶಬ್ದವಾಗಿ ಮಾಡುವವರನ್ನು ನನ್ನ ಮೂವತ್ತೊಂದು ವರ್ಷಗಳ ಕಚೇರಿ ಸೇವೆಯಲ್ಲಿ ನಾನು ಕಂಡಿಲ್ಲ. ಅಲ್ಲಿ ಒಂದು ಕಡತ ಈ ಮೇಜಿನಿಂದ ಆ ಮೇಜಿಗೆ ಸರಿಯಬೇಕಾದರೂ ಸಾಕಷ್ಟು ಗದ್ದಲ ಆಗಲೇಬೇಕಿತ್ತು. ಆದ್ದರಿಂದ ಈ ಪತ್ರವನ್ನು ತಾವು ಮೊದಲು ಅಭಿನಂದನೆಯೆಂದೂ ಆಮೇಲೆ ದೂರೆಂದೂ ಓದಿಕೊಳ್ಳಬೇಕಾಗಿ ಕೋರುತ್ತೇನೆ. ಇದರ ಒಂದು ಪ್ರತಿಯನ್ನು ದೋಣಿಕಟ್ಟೆಯ ಸೂಚನಾ ಫಲಕಕ್ಕೆ ಅಂಟಿಸಲಿದ್ದೇನೆ. ನನ್ನ ಮಾನ ಹೋದದ್ದು ಆ ಕಟ್ಟೆಯ ಮೇಲೆಯೇ ಆದ್ದರಿಂದ, ಅದನ್ನು ಕಣ್ಣಾರೆ ಕಂಡವರಿಗೆ ನನ್ನ ಕಡೆಯ ಮಾತನ್ನೂ ಓದುವ ಹಕ್ಕಿದೆ.

ಮೊದಲು ನನ್ನ ಪರಿಚಯ. ನಾನು ದಾಖಲೆ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ, ಅದೇ ವಿಭಾಗದ ಮೇಲ್ವಿಚಾರಕನಾಗಿ ನಿವೃತ್ತನಾದವನು. ಕಚೇರಿಯಲ್ಲಿ ನನ್ನ ದನಿ ಪಕ್ಕದ ಕುರ್ಚಿಗೂ ಮುಟ್ಟುತ್ತಿರಲಿಲ್ಲ. ಮೇಲಧಿಕಾರಿಗಳು "ಸ್ವಲ್ಪ ಗಟ್ಟಿಯಾಗಿ ಹೇಳ್ರೀ" ಎನ್ನದ ದಿನವಿರಲಿಲ್ಲ, ಮತ್ತು ನಾನು ಗಟ್ಟಿಯಾಗಿ ಹೇಳಿದ ದಿನವೂ ಇರಲಿಲ್ಲ. ವಾರಕ್ಕೆ ಆರು ದಿನ ಹೀಗೆ ತಗ್ಗಿ ಬಗ್ಗಿ ನಡೆದವನು ಭಾನುವಾರ ದೋಣಿಗೆ ಕಾಲಿಟ್ಟೊಡನೆ ಎದೆ ಸೆಟೆಸಿ ಕ್ಯಾಪ್ಟನ್ ಆಗುತ್ತಿದ್ದೆ. ಕಟ್ಟೆಯ ಜನ ನನ್ನನ್ನು ಕರೆಯುವುದೂ ಹಾಗೆಯೇ, "ಕ್ಯಾಪ್ಟನ್ ಸಾಹೇಬ್ರು" ಎಂದು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ತೂಗಿ ನೋಡುವ ಗೋಜಿಗೆ ನಾನು ಹೋಗಿರಲಿಲ್ಲ.

ಇನ್ನು, ತಮಗಿಂತ ಮೊದಲು ಅದೇ ಮೆಟ್ಟಿಲ ಕೆಳಗೆ ಇಪ್ಪತ್ತಮೂರು ವರ್ಷ ಸೇವೆ ಸಲ್ಲಿಸಿದ ಡೀಸೆಲ್ ಇಂಜಿನ್ನಿನ ಬಗ್ಗೆ ಎರಡು ಮಾತು. ಹಿಂದಿದ್ದವರನ್ನು ಹೊಸಬರೆದುರು ಹೊಗಳುವುದು ಸಭ್ಯತೆಯಲ್ಲವೆಂದು ಬಲ್ಲೆ, ಆದರೂ ಸಹಿಸಿಕೊಳ್ಳಬೇಕು. ಅದನ್ನು ಎಬ್ಬಿಸಲು ಹೋದರೆ ಮೊದಲು ಕೆಮ್ಮುತ್ತಿತ್ತು, ಆಮೇಲೆ ಕಪ್ಪು ಹೊಗೆ ಬಿಡುತ್ತಿತ್ತು, ಆಮೇಲೆ ಒಳಕೋಣೆಯ ತಟ್ಟೆ ಲೋಟಗಳನ್ನೆಲ್ಲ ಕುಣಿಸಿ, ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಆರನೆಯ ಸಲಕ್ಕೋ ಮನಸ್ಸು ಬಂದಾಗ ಶುರುವಾಗುತ್ತಿತ್ತು. ಅಂಗಾಲಿಗೆ ಬರುವ ಅದುರಿನಿಂದಲೇ ಅದು ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ನಾನು ಹೇಳಬಲ್ಲವನಾಗಿದ್ದೆ. ಹಿಂಬದಿಯ ಕೊಳವೆ ನೀರು ಉಗುಳುವ ಸದ್ದು ಒಂದಿಷ್ಟು ಬದಲಾದರೂ ಸಾಕು, ಇಂಜಿನ್ನನ್ನು ತಣಿಸುವ ನೀರು ಬರುವ ದಾರಿಯಲ್ಲಿ ಪಾಚಿ ಸಿಕ್ಕಿಕೊಂಡಿದೆ ಎಂದು ತಿಳಿದು ಅಂಗಿಯ ತೋಳು ಮಡಚಿ ಇಳಿಯುತ್ತಿದ್ದೆ. ಅದು ಕೆಟ್ಟಾಗ ಬಯ್ದೆ, ಒದ್ದೆ, ಆದರೆ ಒಂದು ವಿಷಯವನ್ನು ಮುಚ್ಚಿಡಲಾರೆ: ಆ ಇಂಜಿನ್ನಿಗೆ ನಾನು ಬೇಕಾಗಿದ್ದೆ. ನಾನಿಲ್ಲದೆ ಅದನ್ನು ಇಡೀ ಕಟ್ಟೆಯಲ್ಲಿ ಯಾರಿಂದಲೂ ಹೊರಡಿಸಲು ಆಗುತ್ತಿರಲಿಲ್ಲ.

ಅದರದ್ದೊಂದು ಪದ್ಧತಿಯನ್ನು ಇಲ್ಲಿ ದಾಖಲಿಸಬೇಕು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಆ ಇಂಜಿನ್ನಿಗೆ ವೇಗದ ಲಿವರ್ ಬೇರೆ, ಗೇರ್ ಬೇರೆ. ಲಿವರನ್ನು ಅರ್ಧ ಮುಂದಕ್ಕೆ ತಳ್ಳಿ, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, ಆ ಹೊತ್ತಿನಲ್ಲಿ ಕಟ್ಟೆಗೆ ಇಳಿದು ಕಂಬಗಳಿಗೆ ಕಟ್ಟಿದ ಹಗ್ಗಗಳನ್ನು ಬಿಚ್ಚಿ, ವಾಪಸು ಬಂದು ಗೇರ್ ಹಾಕಿದರೆ ದೋಣಿ ಹೊರಡುತ್ತಿತ್ತು. ಇಪ್ಪತ್ತಮೂರು ವರ್ಷ ಭಾನುವಾರ ಭಾನುವಾರವೂ ಇದನ್ನೇ ಮಾಡಿದ ಕೈಗಳಿಗೆ ತಲೆಯ ಅಪ್ಪಣೆ ಬೇಕಾಗಿರಲಿಲ್ಲ.

ಇಷ್ಟು ಒಗ್ಗಿಹೋಗಿದ್ದ ಇಂಜಿನ್ನನ್ನು ಕಿತ್ತು ತಮ್ಮನ್ನು ತಂದದ್ದೇಕೆ ಎಂದು ತಾವು ಕೇಳಬಹುದು. ಪರಿಸರದ ಮೇಲಿನ ಕಾಳಜಿಯಿಂದ ಎಂದು ಕಟ್ಟೆಯಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು. ತಂದದ್ದು ನನ್ನ ಹೆಂಡತಿಗಾಗಿ.

ನನ್ನಾಕೆ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಉಪಕರಣ ಸಿಕ್ಕಿಸಿಕೊಂಡು, ದೂರದೂರದಿಂದ ಕರಕರ ಎಂದು ಬರುವ ದನಿಗಳನ್ನು ಸೋಸಿ, ಯಾರು ಯಾರನ್ನು ಕೇಳುತ್ತಿದ್ದಾರೆಂದು ತಿಳಿದು ಜೋಡಿಸಿ ಕೊಡುವ ಕೆಲಸ ಅವಳದು. ದೋಣಿ ಕೊಂಡ ಮೊದಲ ಹದಿನಾಲ್ಕು ವರ್ಷ ಅವಳು ಪ್ರತಿ ಭಾನುವಾರವೂ ನನ್ನ ಜೊತೆ ಬಂದಳು. ಆಮೇಲೊಂದು ಭಾನುವಾರ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ ನನಗೆ, "ಆ ಇಂಜಿನ್ ಸದ್ದು ನನ್ನ ಕೈಲಿ ತಡ್ಕೊಳೋಕಾಗಲ್ಲ ರೀ, ತಲೆ ಸಿಡಿಯುತ್ತೆ, ನೀವು ಹೋಗ್ಬನ್ನಿ" ಎಂದಳು. ಅಲ್ಲಿಂದ ಮುಂದೆ ಒಂಬತ್ತು ವರ್ಷ ನಾನೊಬ್ಬನೇ ಹೋಗಿಬಂದೆ. ಇಂಜಿನ್ನಿನ ಪೆಟ್ಟಿಗೆಯ ಒಳಗೆಲ್ಲ ಸ್ಪಂಜಿನ ಹಾಳೆ ಅಂಟಿಸಿದೆ, ಅದರ ಕಾಲುಗಳಿಗೆ ಹೊಸ ರಬ್ಬರು ಹಾಕಿಸಿದೆ, ಕಿವಿಗೆ ಇಟ್ಟುಕೊಳ್ಳುವ ಮೇಣದ ಉಂಡೆಗಳನ್ನು ತಂದು ಅವಳ ಕನ್ನಡಿ ಮುಂದೆ ಇಟ್ಟೆ. ಪ್ರತಿಸಲವೂ ಅವಳು "ಚೆನ್ನಾಗಿ ಮಾಡಿದೀರ" ಎಂದಳೇ ಹೊರತು ಬರಲಿಲ್ಲ. ಒಂಟಿಯಾಗಿ ಹಾಯಿ ಬಿಚ್ಚಿ ಕುಳಿತು, ಎದುರಿನ ಖಾಲಿ ಆಸನವನ್ನು ನೋಡುತ್ತಾ, ನಾನು ಇಂಜಿನ್ನಿನ ಮೇಲೆ ಹಲ್ಲು ಕಡಿಯುತ್ತಿದ್ದೆ. ಅವಳಿಲ್ಲದೆ ನೀರಿನ ಮೇಲೆ ಹೋಗುವುದು ನನಗೆ ಎಂದೂ ರುಚಿಸಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ ಅಷ್ಟೆ.

ಹೀಗೆ ತಮ್ಮ ಆಗಮನವಾಯಿತು. ಹಾಯಿಯ ಅಡ್ಡಮರಕ್ಕೆ ಭಾರ ಎತ್ತುವ ಚೈನಿನ ರಾಟೆ ಕಟ್ಟಿ ಹಳೆಯ ಇಂಜಿನ್ನನ್ನು ಮೇಲೆತ್ತಿದ ದಿನ ದೋಣಿಯ ಹಿಂಭಾಗ ನಾಲ್ಕು ಬೆರಳು ಮೇಲೆದ್ದು, ಇಷ್ಟು ವರ್ಷ ನೀರೊಳಗಿದ್ದ ಬಣ್ಣ ಹೊರಗೆ ಕಂಡಿತು. ಮೆಕ್ಯಾನಿಕ್ ಅದನ್ನು ನೋಡಿ, "ಉಸಿರು ಬಿಡ್ತು ನೋಡಿ ಸಾರ್ ದೋಣಿ" ಎಂದ. ಆತ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ನಡುವಯಸ್ಸಿನ ಮನುಷ್ಯ; ಎಲ್ಲವನ್ನೂ ಅವನಿಗೇ ಬಿಟ್ಟಿದ್ದರೆ ಒಂದೇ ವಾರದಲ್ಲಿ ಮುಗಿಯುತ್ತಿತ್ತು, ನಾನೂ ಕೈಜೋಡಿಸಿದ್ದರಿಂದ ಐದು ವಾರ ಹಿಡಿಯಿತು. ಬ್ಯಾಟರಿಗಳಿಗೆ ಆಸನದ ಕೆಳಗೆ ನಾನೇ ಅಳತೆ ಹಿಡಿದು, ನಾನೇ ಕೊಯ್ದು, ಮಿಲಿಮೀಟರು ವ್ಯತ್ಯಾಸವಿಲ್ಲದೆ ಗೂಡು ಮಾಡಿದೆ. ಎಂಟೂ ಬ್ಯಾಟರಿಗಳು ಅದರಲ್ಲಿ ಅಚ್ಚುಕಟ್ಟಾಗಿ ಕೂತ ಮೇಲೆ, ತಂತಿ ಸಿಕ್ಕಿಸುವ ಮೊಳೆಗಳೆಲ್ಲ ಗೋಡೆಯ ಕಡೆಗೆ ಮುಖ ಮಾಡಿವೆ, ಸ್ಪ್ಯಾನರ್ ಹೋಗಲಿ ಬೆರಳೂ ತೂರುವುದಿಲ್ಲ ಎಂಬುದು ಗೊತ್ತಾಗಿ ಗೂಡನ್ನು ಒಡೆಯಬೇಕಾಯಿತು. ತಮ್ಮನ್ನೂ ಪ್ರೊಪೆಲರಿನ ಶಾಫ್ಟನ್ನೂ ಒಂದೇ ಗೆರೆಗೆ ತರುವಾಗ ಮಾತ್ರ ನನ್ನ ಕಚೇರಿ ಅನುಭವ ಕೆಲಸಕ್ಕೆ ಬಂತು: ಜೋಡಣೆಯ ಎರಡು ಬಿಲ್ಲೆಗಳ ನಡುವೆ ಒಂದು ಹಾಳೆ ಎಲ್ಲ ಕಡೆಯೂ ಒಂದೇ ಬಿಗಿಯಲ್ಲಿ ಸರಿಯಬೇಕೆಂದು ಮೆಕ್ಯಾನಿಕ್ ಹೇಳಿದಾಗ, ಯಾವ ಕಾಗದ ಎಷ್ಟು ದಪ್ಪ ಎಂದು ಬೆರಳಿನಲ್ಲೇ ಹೇಳಬಲ್ಲ ಒಬ್ಬನೇ ಮನುಷ್ಯ ಅಲ್ಲಿ ನಾನಾಗಿದ್ದೆ. ಆ ಸಂತೋಷದಲ್ಲಿ ಎರಡು ದಿನ ನನ್ನನ್ನು ಹಿಡಿಯುವವರಿರಲಿಲ್ಲ.

ಕೊನೆಯ ದಿನ ಮೆಕ್ಯಾನಿಕ್ ಒಂದು ಮಾತು ಕೇಳಿದ. "ಸಾರ್, ಇದಕ್ಕೆ ಗೇರ್ ಬೇರೆ ಇಲ್ಲ, ಲಿವರ್ ಮುಂದಕ್ಕೆ ಹೋದ್ರೆ ದೋಣಿನೂ ಹೋಗುತ್ತೆ. ಲಿವರ್ ನಡುವೆ ಇಲ್ದೆ ಇದ್ರೆ ಮೋಟಾರ್ ತಿರುಗದ ಹಾಗೆ ಒಂದು ಸ್ವಿಚ್ ಬರುತ್ತೆ, ಹಾಕಿಬಿಡ್ಲಾ?" ಇಪ್ಪತ್ತಮೂರು ವರ್ಷದ ಅನುಭವಿಯಾದ ನಾನು ನಕ್ಕು, "ಅದೆಲ್ಲ ಹೊಸಬರಿಗಪ್ಪಾ" ಎಂದೆ. ಆತ ಸ್ವಿಚ್ಚನ್ನು ಚೀಲಕ್ಕೆ ವಾಪಸು ಹಾಕಿಕೊಂಡ. ಚಾರ್ಜು ಮಾಡುವ ತಂತಿ ಕಟ್ಟೆಯ ಕಂಬಕ್ಕೆ ಸಿಕ್ಕಿಸಿರುವಷ್ಟು ಹೊತ್ತು ಮೋಟಾರು ತಿರುಗುವುದಿಲ್ಲ, ತಂತಿ ಎಳೆದುಕೊಂಡೇ ಹೊರಟುಬಿಡುವವರ ಸಲುವಾಗಿ ಕಂಪನಿಯವರೇ ಹಾಗೆ ಮಾಡಿದ್ದಾರೆ ಎಂದೂ ಆತ ಹೇಳಿದ್ದನಂತೆ. ಅದು ನನ್ನ ಕಿವಿಗೆ ಬೀಳಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾನು ಹೆಂಡತಿಗೆ ಫೋನು ಮಾಡುತ್ತಿದ್ದೆ.

ಅವಳು ಬಂದಳು. ಒಂಬತ್ತು ವರ್ಷದ ಮೇಲೆ, ಬಿಸಿಲಿಗೆ ಟೋಪಿ ಹಾಕಿಕೊಂಡು, ಓದಲು ಒಂದು ಪತ್ರಿಕೆ ಹಿಡಿದುಕೊಂಡು ಬಂದು, ಮೆಟ್ಟಿಲ ಹಲಗೆ ತೆಗೆದು ತಮ್ಮನ್ನು ನೋಡಿ, "ಇಷ್ಟೇನಾ? ನಮ್ಮನೆ ಕುಕ್ಕರ್ ಇದಕ್ಕಿಂತ ದೊಡ್ಡದು" ಎಂದು ನಕ್ಕಳು. ಆಮೇಲೆ ತನ್ನ ಹಳೆಯ ಜಾಗದಲ್ಲಿ ಕುಳಿತಳು.

ನಾನು ಎಂದಿನಂತೆ ಲಿವರನ್ನು ಅರ್ಧ ಮುಂದಕ್ಕೆ ತಳ್ಳಿ ಕೀಲಿ ತಿರುಗಿಸಿದೆ. ಸದ್ದಿಲ್ಲ. ಮತ್ತೆ ತಿರುಗಿಸಿದೆ, ಸದ್ದಿಲ್ಲ. ಹಳೆಯವರ ಲೆಕ್ಕದಲ್ಲಿ ಆರು ಸಲ ತಿರುಗಿಸಿ, ಬಿಸಿಯಾಗಲಿ ಎಂದು ಕೀಲಿಯನ್ನು ಹಾಗೇ ಬಿಟ್ಟು, ಕೈಗಳು ತಾವಾಗಿಯೇ ಕರೆದುಕೊಂಡು ಹೋದ ಕಡೆ ಹೋಗಿ, ಕಟ್ಟೆಗಿಳಿದು ಹಗ್ಗಗಳನ್ನು ಬಿಚ್ಚಿ ದೋಣಿಯೊಳಕ್ಕೆ ಎಸೆದೆ. ಅಷ್ಟರಲ್ಲಿ ಕಂಬಕ್ಕೆ ಸಿಕ್ಕಿಸಿದ್ದ ಚಾರ್ಜಿನ ತಂತಿ ಕಣ್ಣಿಗೆ ಬಿತ್ತು. ಇದೊಂದು ಉಳಿದಿತ್ತು ಎಂದುಕೊಂಡು ಅದನ್ನು ಎಳೆದೆ. ತಾವು ಕಾಯುತ್ತಿದ್ದದ್ದು ಅದನ್ನೇ ಎಂದು ನನಗೇನು ಗೊತ್ತು? ತಂತಿಯ ತುದಿ ನನ್ನ ಕೈಯಲ್ಲಿ ಉಳಿಯಿತು, ದೋಣಿಯ ಕಡೆಯ ತುದಿ ತೂತಿನಿಂದ ಕಳಚಿ ನೀರಿಗೆ ಬಿತ್ತು, ಮತ್ತು ತಾವು ಒಂದು ಕೆಮ್ಮಿಲ್ಲದೆ, ಒಂದು ಎಳೆ ಹೊಗೆಯಿಲ್ಲದೆ, ಹೋಗಿಬರುತ್ತೇನೆ ಎಂಬ ಒಂದು ಸೌಜನ್ಯದ ಮಾತೂ ಇಲ್ಲದೆ, ನನ್ನ ಹೆಂಡತಿಯನ್ನು ಕರೆದುಕೊಂಡು ಹೊರಟಿರಿ. ಅವಳು ಪತ್ರಿಕೆಯಿಂದ ತಲೆಯೆತ್ತಿ ನೋಡುವ ಹೊತ್ತಿಗೆ ನಮ್ಮಿಬ್ಬರ ನಡುವೆ ಎರಡು ದೋಣಿಗಳ ಉದ್ದದಷ್ಟು ನೀರಿತ್ತು.

ಮುಂದೆ ಲಂಗರು ಹಾಕಿದ ಹತ್ತಾರು ದೋಣಿಗಳು, ಚುಕ್ಕಾಣಿ ಹಿಡಿಯುವವರಿಲ್ಲ, ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ನಾನು ಅವಳ ಕೈಗೆ ಅದನ್ನು ಕೊಟ್ಟಿರಲಿಲ್ಲ. ಆಗ ನಾನು ಕೂಗಲು ಶುರುಮಾಡಿದೆ. ಎಡಕ್ಕೆ ಎಂದೆ, ನನ್ನ ಎಡ ಅಲ್ಲ ನಿನ್ನ ಎಡ ಎಂದೆ, ಲಿವರ್ ಎಂದೆ, ಅದಲ್ಲ ಇನ್ನೊಂದು ಎಂದೆ, ಇನ್ನೊಂದು ಇಲ್ಲವೆಂಬುದು ನೆನಪಾದ ಮೇಲೂ ಅದನ್ನೇ ಕೂಗಿದೆ. ಇಷ್ಟಕ್ಕೇ ನಿಂತಿದ್ದರೆ ಗಾಬರಿ ಎನ್ನಬಹುದಿತ್ತು. "ಅಷ್ಟೂ ಗೊತ್ತಾಗಲ್ವಾ ನಿನಗೆ, ತಲೆ ಎಲ್ಲಿಟ್ಟಿದೀಯ, ಇದಕ್ಕೇ ನಿನ್ನ ಕರ್ಕೊಂಡು ಬರೋಕೆ ನನಗೆ ಭಯ" ಎಂಬಲ್ಲಿಗೂ ಹೋದೆ. ಕಟ್ಟೆಯಲ್ಲಿ ಬಣ್ಣ ಬಳಿಯುತ್ತಿದ್ದವರು ಕುಂಚ ಎತ್ತಿ ನಿಂತರು, ಹಾಯಿ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿದರು. ತಮ್ಮ ಪರಿಪೂರ್ಣ ಮೌನದ ಕೃಪೆಯಿಂದ ನನ್ನ ಒಂದೊಂದು ಅಕ್ಷರವೂ ನೀರಿನ ಮೇಲೆ ಜಾರಿಕೊಂಡು ಆಚೆ ದಡದವರೆಗೂ ತಲುಪಿತು.

ಅವಳು ತಿರುಗಿಯೂ ನೋಡಲಿಲ್ಲ. ಪತ್ರಿಕೆಯನ್ನು ಮಡಚಿ ಆಸನದ ಮೇಲಿಟ್ಟು, ಎದ್ದು ಚುಕ್ಕಾಣಿ ಹಿಡಿದಳು. ಲಿವರನ್ನು ಒಂದಿಷ್ಟು ಹಿಂದಕ್ಕೆ ಎಳೆದು ನೋಡಿದಳು, ತಾವು ನಿಧಾನವಾದಿರಿ. ಮುಂದಕ್ಕೆ ತಳ್ಳಿದಳು, ತಾವು ಮುಂದೆ ಹೋದಿರಿ. ಹೀಗೆ ತಮ್ಮಿಬ್ಬರ ಪರಿಚಯವಾದ ಮೇಲೆ ಅವಳು ಲಂಗರು ಹಾಕಿದ ದೋಣಿಗಳ ನಡುವೆ ಒಂದನ್ನೂ ಸೋಕದೆ ದಾರಿ ಮಾಡಿಕೊಂಡು, ದೊಡ್ಡದೊಂದು ಸುತ್ತು ಹಾಕಿ ಬಂದು, ಕಟ್ಟೆಗೆ ಮೂರು ಅಡಿ ಇರುವಾಗ ಲಿವರನ್ನು ಹಿಂದಕ್ಕೆ ಎಳೆದು, ಕಪಾಟಿನಲ್ಲಿ ಲೋಟ ಇಟ್ಟಷ್ಟು ಮೆತ್ತಗೆ ದೋಣಿ ನಿಲ್ಲಿಸಿದಳು. ಎಸೆದ ಹಗ್ಗದ ಕುಣಿಕೆ ಮೊದಲ ಸಲಕ್ಕೇ ಕಂಬಕ್ಕೆ ಬಿತ್ತು. ಇಪ್ಪತ್ತಮೂರು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ನಿಲ್ಲಿಸಿಲ್ಲ. ದೋಣಿ ಬಡಿಯದಿರಲೆಂದು ನಮ್ಮ ಕಟ್ಟೆಯ ಮೂಲೆಗೆ ಕಟ್ಟಿರುವ ಹರಿದ ಟೈರುಗಳೆಲ್ಲ ನನ್ನ ಸಾಧನೆಗೆ ಸಾಕ್ಷಿ.

ಅವಳು ಇಳಿದಳು. ನನ್ನ ಕೈಯಲ್ಲಿ ಇನ್ನೂ ತಂತಿ ಇತ್ತು. "ಅಷ್ಟು ಕೂಗೋದೇನಿತ್ತು, ಮೆಲ್ಲಗೆ ಹೇಳಿದ್ರೂ ಕೇಳಿಸ್ತಿತ್ತಲ್ಲ" ಎಂದಳು. ಆಮೇಲೆ ಮೆಟ್ಟಿಲ ಕಡೆ ನೋಡಿ, "ಪಾಪ, ಆ ಹಳೇ ಇಂಜಿನ್ ಮೇಲೆ ಸುಮ್ನೆ ಒಂಬತ್ತು ವರ್ಷ ತಪ್ಪು ಹೊರಿಸ್ದೆ ನಾನು" ಎಂದು ಹೇಳಿ, ಟೋಪಿ ಸರಿಮಾಡಿಕೊಂಡು ಮನೆಯ ದಾರಿ ಹಿಡಿದಳು. ಪಕ್ಕದ ದೋಣಿಯ ಹಲ್ಲಿನ ಡಾಕ್ಟರು ಮಾತ್ರ ನನ್ನ ಭುಜದ ಮೇಲೆ ಕೈಯಿಟ್ಟು, "ಕ್ಯಾಪ್ಟನ್ ಸಾಹೇಬ್ರೇ, ಇಷ್ಟು ವರ್ಷ ಡೀಸೆಲ್ ಸದ್ದಲ್ಲಿ ನಮಗೆ ಅರ್ಧಂಬರ್ಧ ಕೇಳ್ತಿತ್ತು. ಇವತ್ತು ಪೂರ್ತಿ ಕೇಳಿಸ್ತು" ಎಂದರು. ಹಲ್ಲು ಕೀಳುವಾಗಲೂ ಅವರು ಇದೇ ದನಿಯಲ್ಲಿ ಸಮಾಧಾನ ಹೇಳುತ್ತಾರೆಂದು ಕೇಳಿದ್ದೇನೆ.

ನನ್ನ ದೂರು ಇರುವುದು ಇಲ್ಲಿ. ಇಂಜಿನ್ನಿನ ಗಲಾಟೆಯ ಮೇಲೆ ನನ್ನ ದನಿ ಕೇಳಿಸಬೇಕಲ್ಲ ಎಂದು ಕೂಗುತ್ತೇನೆಂದೇ ನಾನು ತಿಳಿದಿದ್ದೆ. ತಾವು ಬಂದು ಗಲಾಟೆಯನ್ನು ತೆಗೆದಿರಿ, ಕೂಗು ಮಾತ್ರ ಇದ್ದಲ್ಲೇ ಉಳಿಯಿತು. ಹೊಸದಾಗಿ ಸೇವೆಗೆ ಸೇರಿದವರು ಹಿಂದಿನವರ ಗುಟ್ಟುಗಳನ್ನು ಕಾಪಾಡುವುದು ಕಚೇರಿಯ ಕನಿಷ್ಠ ಶಿಸ್ತು, ತಾವು ಮೊದಲ ದಿನವೇ ಅದನ್ನು ಮುರಿದಿರಿ. ಆದ್ದರಿಂದ ತಾವು ಕೂಡಲೇ ಒಂದಿಷ್ಟು ಕೆಮ್ಮಲು ಅಭ್ಯಾಸ ಮಾಡಿಕೊಳ್ಳಬೇಕು. ತಿಂಗಳಿಗೊಂದು ಸಲವಾದರೂ ತಳಕ್ಕೆ ಎಣ್ಣೆ ಸೋರಿಸಬೇಕು. ಎಣ್ಣೆಯೇ ಇಲ್ಲವೆಂಬ ನೆಪ ಬೇಡ, ಮನಸ್ಸಿದ್ದರೆ ಎಲ್ಲಿಂದಾದರೂ ತರಬಹುದು. ನಾನು ಬಾಯಿ ತೆರೆಯುವ ಸೂಚನೆ ಕಂಡೊಡನೆ ಅದಕ್ಕಿಂತ ಜೋರಾಗಿ ಗುಡುಗಬೇಕು, ನಾನು ಮುಚ್ಚಿದೊಡನೆ ಸುಮ್ಮನಾಗಬೇಕು. ಇದ್ಯಾವುದೂ ಆಗದಿದ್ದರೆ, ತಮಗೆ ಅತಿಯಾಗಿ ಬಿಸಿಯೇರಿದಾಗ ತಾವಾಗಿಯೇ ನಿಂತುಹೋಗುವ ಒಂದು ವ್ಯವಸ್ಥೆ ತಮ್ಮೊಳಗಿದೆಯಲ್ಲ, ಅದನ್ನು ನನ್ನ ಗಂಟಲಿಗೆ ವರ್ಗಾಯಿಸಲು ಅನುಮತಿ ಕೊಡಬೇಕು. ಈ ಬಗ್ಗೆ ಮೆಕ್ಯಾನಿಕ್ಕನ ಅಭಿಪ್ರಾಯವನ್ನೂ ಕೇಳಿದ್ದೇನೆ. "ನಿಮ್ಮದು ಹಳೇ ಮಾಡೆಲ್ ಸಾರ್, ಪಾರ್ಟ್ಸ್ ಸಿಗಲ್ಲ" ಎಂದು ಆತ ತಲೆಯೆತ್ತದೆ ಹೇಳಿದ.

ಆದ ತಪ್ಪನ್ನು ಸರಿಪಡಿಸಲು ನಾನು ಪ್ರಯತ್ನಿಸಲಿಲ್ಲವೆಂದು ತಾವು ಭಾವಿಸಬಾರದು. ಅದಾದ ಮರುದಿನ ಅವಳು ಒಗೆದ ಬಟ್ಟೆ ಮಡಚುತ್ತಿದ್ದಾಗ ಹೋಗಿ ಬಾಗಿಲಲ್ಲಿ ನಿಂತು, ತಪ್ಪಾಯಿತು ಎಂದೆ. ಅವಳು "ಏನಂದ್ರಿ? ಕೇಳಿಸ್ಲಿಲ್ಲ" ಎಂದಳು. ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಹೇಳಿದೆ, ಮತ್ತೆ ಕೇಳಿಸಲಿಲ್ಲ ಎಂದಳು. ಮೂರನೆಯ ಸಲ ನಾನೇ ಒಂದು ದಿಂಬಿನ ಚೀಲ ತೆಗೆದುಕೊಂಡು ಮಡಚಲು ನಿಂತೆ, ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಡಿಸಿ ಸರಿಯಾಗಿ ಮಡಚಿದಳು. ಸಮುದ್ರದ ಆಚೆಯ ದನಿಯನ್ನು ತಂತಿಯ ಕರಕರದಿಂದ ಹೆಕ್ಕಿ ತೆಗೆದ ಕಿವಿಗೆ ಮೂರು ಅಡಿ ದೂರದ ನನ್ನ ಕ್ಷಮಾಪಣೆ ಕೇಳಿಸಲಿಲ್ಲವಂತೆ. ಕಳೆದ ಎರಡು ಭಾನುವಾರ ನಾನು ಮತ್ತೆ ಒಬ್ಬನೇ ಬಂದು ತಮ್ಮ ಮೇಲಿನ ಮೆಟ್ಟಿಲಲ್ಲಿ ಕುಳಿತು ಹೋಗಿದ್ದು ತಮಗೂ ಗೊತ್ತಿದೆ. ಈ ಸಲ ಒಂಬತ್ತು ವರ್ಷ ಕಾಯುವಷ್ಟು ವಯಸ್ಸು ನಮ್ಮಿಬ್ಬರಿಗೂ ಉಳಿದಿದೆಯೆಂಬ ನಂಬಿಕೆ ನನಗಿಲ್ಲ.

ಮಾನ್ಯರೇ, ಇಲ್ಲಿಯವರೆಗೆ ಬರೆದದ್ದರಲ್ಲಿ ಒಂದು ವಿಷಯವನ್ನು ನಾನು ಮುಚ್ಚಿಟ್ಟಿದ್ದೇನೆ. ದೂರು ಕೊಡುವವನು ಎಲ್ಲ ಸಂಗತಿಗಳನ್ನೂ ತಿಳಿಸಬೇಕೆಂಬುದು ನಿಯಮ, ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಒಂಬತ್ತು ವರ್ಷದ ಹಿಂದೆ, ಹಳೆಯ ಇಂಜಿನ್ನಿನ ಕಾಲದಲ್ಲಿ ಅವಳು ಕಡೆಯ ಸಲ ಬಂದ ಭಾನುವಾರ ಅಡ್ಡಗಾಳಿ ಇತ್ತು. ದೋಣಿಯನ್ನು ಕಟ್ಟೆಗೆ ತರುತ್ತಿದ್ದೆ, ಅವಳು ಮುಂದೆ ನಿಂತು ಹಗ್ಗ ಎಸೆದಳು, ನಾನು ತಂದ ರೀತಿಗೆ ಕಂಬ ಅವಳಿಗೆ ಎಟುಕುವಂತೆಯೇ ಇರಲಿಲ್ಲ, ಹಗ್ಗ ನೀರಿಗೆ ಬಿತ್ತು. ಅವಳು ಅದನ್ನು ಗಡಬಡಿಸಿ ಮೇಲೆಳೆದುಕೊಳ್ಳುತ್ತಿರುವಾಗ ನಾನು, "ಒಂದು ಹಗ್ಗ ಹಿಡಿಯೋಕೂ ಬರದವಳು ದೋಣಿಗ್ಯಾಕೆ ಬರ್ತೀಯ, ಮನೇಲಿ ಬಿದ್ದಿರು" ಎಂದೆ. ಕಟ್ಟೆಯ ತುಂಬ ಜನರಿದ್ದರು. ಇಂಜಿನ್ನಿನ ಸದ್ದಿನಲ್ಲಿ ಆ ಮಾತು ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ಒಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳೆಂದು ಆಗಲೇ ಗೊತ್ತಿತ್ತು. ಅವಳು ಒದ್ದೆ ಹಗ್ಗ ಹಿಡಿದು ಹಾಗೇ ನಿಂತು ನನ್ನ ಮುಖ ನೋಡಿದಳು. ನಾನು ಅವಳನ್ನು ನೋಡಿದೆ, ನೋಡಿ, ಸದ್ದು ಏರಲೆಂದು ಲಿವರನ್ನು ಇನ್ನೂ ಮುಂದಕ್ಕೆ ತಳ್ಳಿದೆ.

ಮರುವಾರ ಅವಳು ಇಂಜಿನ್ ಸದ್ದಿನ ಮಾತು ಹೇಳಿದಾಗ ನನಗೆ ಹಗುರವಾಯಿತು. ತಪ್ಪನ್ನು ಯಂತ್ರದ ಮೇಲೆ ಹಾಕಿ ಅವಳು ನನ್ನ ಮುಖ ಉಳಿಸಿದಳು, ನಾನು ಆ ಉಪಕಾರವನ್ನು ತೆಗೆದುಕೊಂಡು, ಅದಕ್ಕೆ ಸ್ಪಂಜು ಅಂಟಿಸಿ, ರಬ್ಬರು ಹಾಕಿಸಿ, ಕೊನೆಗೆ ನಿರಪರಾಧಿಯೊಂದನ್ನು ಚೈನು ಕಟ್ಟಿ ಮೇಲೆತ್ತಿ ಹೊರಗೆಸೆದೆ. ತಮ್ಮ ಮೇಲಿನ ದೂರನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ತಾವು ಹೇಗಿದ್ದೀರೋ ಹಾಗೆಯೇ ಇರಿ. ಮೇಲೆ ಕೋರಿದ ಕೆಮ್ಮು, ಎಣ್ಣೆ, ಗುಡುಗು ಯಾವುದೂ ಬೇಡ. ತಮ್ಮಲ್ಲಿ ಉಳಿದಿರುವ ಕೋರಿಕೆ ಒಂದೇ: ಮತ್ತೆ ಅವಳು ಎಂದಾದರೂ ದೋಣಿಗೆ ಬಂದರೆ ಚುಕ್ಕಾಣಿ ಅವಳದು, ನಾನು ಮುಂದೆ ಕುಳಿತು ಹಗ್ಗ ನೋಡಿಕೊಳ್ಳುತ್ತೇನೆ, ಎಸೆದ ಹಗ್ಗ ನೀರಿಗೆ ಬಿದ್ದರೆ ಅವಳು ಏನಂದರೂ ಕೇಳಿಸಿಕೊಳ್ಳುತ್ತೇನೆ. ಇದನ್ನು ತಾವು ಅವಳಿಗೆ ತಿಳಿಸಬೇಕು. ತಮ್ಮ ಮಾತನ್ನು ಅವಳು ಕೇಳುತ್ತಾಳೆಂದು ಅವತ್ತೇ ಕಂಡೆ.

ತಮ್ಮ ಮೌನದಿಂದ ಬುದ್ಧಿ ಕಲಿತಿದ್ದೇನೆಂದು ಹೇಳಿಕೊಳ್ಳುವ ಧೈರ್ಯ ಇನ್ನೂ ಸಾಲದಿರುವ,
ತಮ್ಮ ವಿಶ್ವಾಸಿ,
ಮಾಜಿ ಕ್ಯಾಪ್ಟನ್

ವಿಶೇಷ ಸೂಚನೆ: ಫಲಕಕ್ಕೆ ಅಂಟಿಸುವ ಮೊದಲು ತಪ್ಪುಗಳನ್ನು ನೋಡಿಕೊಡಲೆಂದು ಈ ಪತ್ರವನ್ನು ನನ್ನಾಕೆಯ ಮೇಜಿನ ಮೇಲಿಟ್ಟು, ಗಿಡಗಳಿಗೆ ನೀರು ಹಾಕುವ ನೆಪದಲ್ಲಿ ಹೊರಗೆ ಹೋದೆ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದನ್ನು ಕಿಟಕಿಯಿಂದ ಕಂಡೆ. ಆ ಗಿಡಗಳಿಗೆ ಅಷ್ಟು ನೀರು ಹಿಂದೆಂದೂ ಸಿಕ್ಕಿರಲಿಲ್ಲ. ತಾವು ನಿರಪರಾಧಿಯೆಂಬುದನ್ನು ಅವಳು ಒಪ್ಪಿದ್ದಾಳೆ, ಹಳೆಯ ಇಂಜಿನ್ನೂ ನಿರಪರಾಧಿಯೆಂದು ಒಪ್ಪಿದ್ದಾಳೆ, ಮೂರನೆಯವನ ವಿಚಾರಣೆ ಬಾಕಿಯಿದೆ. "ಅಂಟಿಸೋದೆಲ್ಲ ಬೇಡ. ಭಾನುವಾರ ಹತ್ತು ಗಂಟೆಗೆ ಕಟ್ಟೆ ಮೇಲೆ ನಿಂತು ನೀವೇ ಓದಿ. ಮನೇಲಿ ಬಿದ್ದಿರು ಅಂತ ಅವತ್ತು ಎಷ್ಟು ಜೋರಾಗಿ ಅಂದ್ರೋ ಅಷ್ಟೇ ಜೋರಾಗಿ. ನಾನು ದೋಣೀಲಿ ಕೂತು ಕೇಳ್ತೀನಿ" ಎಂದಿದ್ದಾಳೆ. ಹಲ್ಲಿನ ಡಾಕ್ಟರು ಆ ದಿನ ಕುರ್ಚಿ ತರುವುದಾಗಿ ಹೇಳಿ ಕಳಿಸಿದ್ದಾರೆ, ಅವರಿಗೆ ಯಾರು ತಿಳಿಸಿದರೋ ಗೊತ್ತಿಲ್ಲ. ಪೂರ್ತಿ ಓದಿ ಮುಗಿಸಿದರೆ ದೋಣಿ ಹತ್ತಬಹುದಂತೆ, ನಡುವೆ ದನಿ ತಗ್ಗಿಸಿದರೆ ಅವಳು ಹೊರಟುಬಿಡುತ್ತಾಳಂತೆ. ತಂತಿ ಮೊದಲೇ ಕಳಚಿರುತ್ತದೆ, ಲಿವರ್ ಅವಳ ಕೈಯಲ್ಲಿರುತ್ತದೆ.